ರಾತ್ರಿಯಿಲ್ಲದ ಊರಿನಲ್ಲಿ ಸಂಡಿಗೆ

ಚಿನ್ನ ಸಿಕ್ಕ ಊರಿಗೆ ಹೋಗಿ ಸಂಡಿಗೆ ಕಾದು ಬಂದವರು ನಾವು. ಆ ಪ್ರವಾಸದ ಫೋಟೋಗಳನ್ನು ಯಾರಿಗಾದರೂ ತೋರಿಸಿದರೆ, ನದಿ ಎಲ್ಲಿ, ಹಿಮದ ಬೆಟ್ಟ ಎಲ್ಲಿ, ಕರಡಿ ಕಾಣಿಸಲಿಲ್ಲವೇ ಎಂದು ಕೇಳುತ್ತಾರೆ. ನಮ್ಮ ಆಲ್ಬಮ್ಮಿನಲ್ಲಿ ಇರುವುದು ಒಂದು ಉದ್ದನೆಯ ಗಾಡಿ, ಅದರ ನೆತ್ತಿಯ ಮೇಲೆ ಸೀರೆಯುಟ್ಟು ಕೋಲು ಹಿಡಿದು ಕೂತ ನಮ್ಮ ಅತ್ತೆ, ಮತ್ತು ಅವರ ಹಿಂದೆ ಕಂಬದ ಹಾಗೆ ನಿಂತ ನಾನು.

ಅದು ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದ ಬೇಸಿಗೆ. ನಾವಿದ್ದದ್ದು ಅಮೆರಿಕದ ಸನ್ನಿವೇಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ. ನನ್ನ ಹೆಂಡತಿಗೆ ಐದು ತಿಂಗಳು. ಬಾಣಂತನಕ್ಕೆಂದು ಅತ್ತೆ ಮೈಸೂರಿನಿಂದ ಮುಂಚಿತವಾಗಿಯೇ ಬಂದಿದ್ದರು. ವಿಮಾನವೆಂದರೆ ಹೆದರುವ ಮಾವನವರು ಹಿರಿಯ ಮಗನ ಮನೆಯಲ್ಲಿ ಉಳಿದಿದ್ದರು.

ಅತ್ತೆಯವರ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಅವರು ನನ್ನೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. ಕೋಪವೇನಲ್ಲ. ಅಳಿಯನ ಮುಖ ನೋಡಿಕೊಂಡು ಮಾತಾಡುವುದು ಅವರು ಬೆಳೆದ ಮನೆಯ ಮರ್ಯಾದೆಯಲ್ಲಿ ಇರಲಿಲ್ಲ, ಅಷ್ಟೆ. ಹೇಳಬೇಕಾದ್ದನ್ನೆಲ್ಲ ಮಗಳಿಗೆ ಹೇಳುವರು, ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುವೆ. ಅವರಿಗೆ ಇನ್ನೊಂದು ಸೌಟು ಹುಳಿ ಬೇಕಾ ಕೇಳಮ್ಮ ಎಂದು ಅವರೆಂದರೆ, ಸಾಕು ಅಂತ ಹೇಳು ಎಂದು ನಾನು ಹೆಂಡತಿಗೆ ಹೇಳುವೆ. ಅವಳು ನಮ್ಮಿಬ್ಬರ ನಡುವೆ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ಕೂತು ಊಟ ಮಾಡುವಳು. ಅವಳು ಆಫೀಸಿಗೆ ಹೋಗಿದ್ದಾಗ ಅತ್ತೆ ಫ್ರಿಜ್ಜಿಗೆ ಹೇಳುತ್ತಿದ್ದರು. ಹಾಲು ಮುಗಿದಿದೆ ಎಂದು ಅವರು ಫ್ರಿಜ್ಜಿಗೆ ಹೇಳಿದ್ದನ್ನು ಕೇಳಿಸಿಕೊಂಡು ನಾನು ಗ್ರೋಸರಿ ಅಂಗಡಿಗೆ ಓಡಿದ್ದುಂಟು. ಅಜ್ಜ ಅಜ್ಜಿಯರ ಮನೆಯಲ್ಲಿ ಬೆಳೆದವನಾದ್ದರಿಂದ ನನಗೆ ಈ ಪದ್ಧತಿ ಹೊಸದಾಗಿರಲಿಲ್ಲ. ನಮ್ಮಜ್ಜಿ ತನ್ನ ಅಳಿಯನಿಗೆ ಹೇಳಬೇಕಾದ್ದನ್ನು ತುಳಸಿಗಿಡಕ್ಕೆ ಹೇಳುತ್ತಿದ್ದಳು.

ಅತ್ತೆಯದು ಸುಮ್ಮನಿರುವ ಕೈಯಲ್ಲ. ಬಂದ ವಾರದಲ್ಲೇ ಒಗ್ಗರಣೆ ಹಾಕಿ ಹೊಗೆಯ ಅಲಾರಾಂ ಕೂಗಿಸಿದರು. ಅದರ ಮುಂದಿನ ವಾರ, ಹುಟ್ಟಲಿರುವ ಮಗುವಿನ ನಾಮಕರಣದ ಊಟಕ್ಕೆ ಬೇಕಾಗುತ್ತದೆಂದು ಈಗಲೇ ಸಬ್ಬಕ್ಕಿ ಸಂಡಿಗೆ ಮಾಡಿ ಬಾಲ್ಕನಿಯಲ್ಲಿ ಹರಡಿದರು. ಮಧ್ಯಾಹ್ನದ ಹೊತ್ತಿಗೆ ಅಪಾರ್ಟ್‌ಮೆಂಟಿನ ಮ್ಯಾನೇಜರು ಬಾಗಿಲು ತಟ್ಟಿ, ಬಾಲ್ಕನಿಯಲ್ಲಿ ಏನನ್ನೂ ಒಣಹಾಕುವಂತಿಲ್ಲ ಎಂದು ನಗುನಗುತ್ತಲೇ ಹೇಳಿಹೋದಳು. ಹಸಿ ಸಂಡಿಗೆಯನ್ನು ಅತ್ತೆ ಒಳಗೆ ತಂದು ಹಾಸಿಗೆಯ ಮೇಲಿಟ್ಟರು, ಅದು ಮೂರು ದಿನಕ್ಕೆ ಹುಳಿ ಬಂತು. ಅವತ್ತು ಊಟಕ್ಕೆ ಕೂತಾಗ ಅವರು ದನಿ ಏರಿಸದೆ ಮಗಳಿಗೆ ಹೇಳಿದರು.

"ಈ ತಿಂಗಳ ಕೊನೇಗೆ ನನಗೆ ವಾಪಸ್ ಟಿಕೆಟ್ ಮಾಡಿಸೋಕೆ ಅವರಿಗೆ ಹೇಳಮ್ಮ. ಒಂದು ಸಂಡಿಗೆ ಒಣಗಿಸೋಕೆ ಜಾಗ ಇಲ್ದಿರೋ ಮನೇಲಿ ಬಾಣಂತನ ಹೇಗೆ ಮಾಡ್ಲಿ? ನಾಳೆ ಮಗು ಬಟ್ಟೆಗೆ ಬಿಸಿಲು ಬೇಡ್ವಾ?"

ಬಟ್ಟೆ ಒಣಗಿಸುವ ಯಂತ್ರ ಇದೆಯಲ್ಲ ಎಂದು ನಾನು ಹೆಂಡತಿಯ ಮೂಲಕ ತಿಳಿಸಿದೆ. ಯಂತ್ರಕ್ಕೆ ಬಿಸಿಲು ಎಲ್ಲಿಂದ ಬರುತ್ತೆ ಕೇಳು ಎಂದು ಉತ್ತರ ಬಂತು. ಹೆಂಡತಿ ಯಾವುದನ್ನೂ ಯಾರಿಗೂ ದಾಟಿಸದೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ಅವಳು ಅಳುವಾಗ ನಲ್ಲಿ ಬಿಡುತ್ತಾಳೆಂಬುದು ಮದುವೆಯಾದ ಹೊಸತರಲ್ಲೇ ನನಗೆ ತಿಳಿದಿತ್ತು. ಅಮ್ಮ ಬಂದಾಗಿನಿಂದ ಅವಳು ನಿಶ್ಚಿಂತೆಯಾಗಿ ಮಲಗುತ್ತಿದ್ದಳು. ಅಮ್ಮನಿಲ್ಲದೆ ಹೆರಿಗೆಯೆಂದರೆ ಅವಳಿಗೆ ಕೈಕಾಲು ತಣ್ಣಗಾಗುತ್ತಿತ್ತು.

ಅದೇ ಸಮಯಕ್ಕೆ ನಮ್ಮ ಕಂಪನಿಯಲ್ಲಿ ಕೆಲಸ ಕಡಿಮೆಯಾಗಿ, ಎಲ್ಲರೂ ಇರುವ ರಜೆಯನ್ನೆಲ್ಲ ಈಗಲೇ ತೆಗೆದುಕೊಳ್ಳಿ ಎಂದು ಮೇಲಿನಿಂದ ಅಪ್ಪಣೆ ಬಂತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಾತ, ಷೇರುಗಳು ಆಕಾಶದಲ್ಲಿದ್ದ ಕಾಲದಲ್ಲಿ ಒಂದು ಆರ್‌ವಿ ಕೊಂಡಿದ್ದ. ಒಳಗೇ ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇರುವ, ಲಾರಿಯಷ್ಟು ಉದ್ದದ ಗಾಡಿ. ಷೇರು ನೆಲಕ್ಕಿಳಿದ ಮೇಲೆ, ಈ ಪೀಡೆಯನ್ನು ಮನೆಯ ಮುಂದಿನಿಂದ ಎಲ್ಲಿಗಾದರೂ ಒಯ್ಯಿ ಎಂದು ಅವನ ಹೆಂಡತಿ ಹಟ ಹಿಡಿದಿದ್ದಳು. ಹೀಗಾಗಿ ಗಾಡಿ ನಮ್ಮ ಪಾಲಿಗೆ ಬಂತು. ನಿಧಾನಕ್ಕೆ ತನ್ನಿ, ಅವಸರವಿಲ್ಲ ಎಂದು ಅವನು ಬೀಗದ ಕೈ ಕೊಡುವಾಗ ಮತ್ತೆ ಮತ್ತೆ ಹೇಳಿದ. ಡಾಕ್ಟರು ಹೂಂ ಎಂದರು, ಕೆನಡಾದ ವೀಸಾ ಸಿಕ್ಕಿತು. ನಾಲ್ಕು ಊರು ತೋರಿಸಿದರೆ ಅತ್ತೆಯ ಮನಸ್ಸು ತಿರುಗೀತು ಎಂಬುದು ನಮ್ಮಿಬ್ಬರ ಗುಟ್ಟಿನ ಯೋಜನೆ.

ಉತ್ತರಕ್ಕೆ ಹೊರಟೆವು. ಅತ್ತೆ ಊಟದ ಮೇಜಿನ ಬಳಿ ಹಿಂದಕ್ಕೆ ಮುಖ ಮಾಡಿ ಕೂರುವ ಸೀಟನ್ನೇ ಆರಿಸಿಕೊಂಡರು. ಹಾಗಾಗಿ ನಾವು ನೋಡಿ ಮುಗಿಸಿದ್ದನ್ನೆಲ್ಲ ಅವರು ಆಮೇಲೆ ನೋಡುತ್ತಿದ್ದರು. ಕಾಡು ಬಂತು, ಹಿಮದ ಬೆಟ್ಟ ಬಂತು, ಮನುಷ್ಯರೇ ಇಲ್ಲದ ಸರೋವರಗಳು ಬಂದವು. ಎಷ್ಟು ಚೆನ್ನಾಗಿದೆ ನೋಡಮ್ಮ ಎಂದು ಮಗಳೆಂದರೆ, "ಇಷ್ಟೊಂದು ಜಾಗ ಇಟ್ಕೊಂಡು ಬಾಲ್ಕನೀಲಿ ಒಣಹಾಕಬೇಡಿ ಅಂತಾರಲ್ಲೇ" ಎನ್ನುತ್ತಿದ್ದರು. ನಾನು ತಿರುವಿನಲ್ಲಿ ಬ್ರೇಕು ಒತ್ತಿದಾಗೆಲ್ಲ ಕಪಾಟಿನಿಂದ ಒಂದು ಸ್ಟೀಲು ಲೋಟ ಬೀಳುತ್ತಿತ್ತು. ಅವರು ಅದನ್ನೆತ್ತಿಟ್ಟು, ಇದನ್ನು ಓಡಿಸೋದು ಅವರಿಗೆ ಯಾರು ಹೇಳಿಕೊಟ್ಟರಂತೆ ಎಂದು ಲೋಟವನ್ನು ವಿಚಾರಿಸುತ್ತಿದ್ದರು.

ಕೊನೆಗೆ ಕೆನಡಾದ ಉತ್ತರದಲ್ಲಿ, ಯೂಕಾನ್ ನದಿಯ ದಂಡೆಯ ಡಾಸನ್ ಸಿಟಿ ತಲುಪಿದೆವು. ಹೆಸರಿಗೆ ಸಿಟಿ, ನೋಡಿದರೆ ಪುಟ್ಟ ಊರು. ಹಿಂದೊಂದು ಕಾಲದಲ್ಲಿ ಇಲ್ಲಿಯ ಹೊಳೆಗಳಲ್ಲಿ ಚಿನ್ನ ಸಿಕ್ಕಿತೆಂದು ಸಾವಿರಾರು ಜನ ಹಿಮ ತುಳಿದುಕೊಂಡು ಬಂದಿದ್ದರಂತೆ. ಈಗಲೂ ಮಣ್ಣಿನ ಬೀದಿ, ಮರದ ಹಲಗೆಯ ಕಾಲುದಾರಿ, ದೊಡ್ಡದಾಗಿ ಕಾಣಲೆಂದು ಮುಂದೆ ಎತ್ತರದ ಹಲಗೆಯ ಗೋಡೆ ನಿಲ್ಲಿಸಿ ಬಣ್ಣ ಬಳಿದ ಅಂಗಡಿಗಳು. ಊರೊಳಗೇ, ಇಂಥ ಗಾಡಿಗಳು ಬಾಡಿಗೆ ಕೊಟ್ಟು ತಂಗುವ ಆರ್‌ವಿ ಪಾರ್ಕಿನಲ್ಲಿ ಗಾಡಿ ನಿಲ್ಲಿಸಿದೆವು.

ಮುಸ್ಸಂಜೆಯಲ್ಲಿ ದೀಪ ಹಚ್ಚದೆ ಅತ್ತೆ ಊಟ ಮಾಡುವವರಲ್ಲ. ಪುಟ್ಟ ಹಿತ್ತಾಳೆಯ ದೀಪಕ್ಕೆ ಬತ್ತಿ ಹಾಕಿ ಸಂಜೆಗೆ ಕಾದರು. ಸಂಜೆ ಬರಲಿಲ್ಲ. ಗಡಿಯಾರ ಊಟದ ಹೊತ್ತು ದಾಟಿತು, ಹೊರಗೆ ಸೂರ್ಯ ಬೆಳಗಿನ ತಿಂಡಿಯ ಹೊತ್ತಿನವನ ಹಾಗೆ ಹೊಳೆಯುತ್ತಿದ್ದ. ಸಂಜೆ ಯಾವಾಗ ಆಗುತ್ತೆ ಅಂತ ಅವರನ್ನ ಕೇಳು ಎಂದರು. ಈ ಸೀಮೆಯಲ್ಲಿ ಈ ತಿಂಗಳು ಸೂರ್ಯ ಬೆಟ್ಟದ ಹಿಂದೆ ಸ್ವಲ್ಪ ಮರೆಯಾಗಿ ಮತ್ತೆ ಬಂದುಬಿಡುತ್ತಾನೆ, ಬೆಳಕು ಹೋಗುವುದೇ ಇಲ್ಲ ಎಂದು ನಾನು ಹೆಂಡತಿಗೆ ವಿವರಿಸಿದೆ. ಹಸಿವು ತಡೆಯಲಾರದ ಬಸುರಿ ಹೆಂಡತಿ ಕಿಟಕಿಗಳ ಪರದೆಯನ್ನೆಲ್ಲ ಎಳೆದು, ತಗೋ, ಸಂಜೆ ಆಯ್ತು, ಹಚ್ಚು ಎಂದಳು. ದೀಪ ಹಚ್ಚಿದರು. ಊಟದ ನಡುವೆ ಅತ್ತೆ ಮತ್ತೊಮ್ಮೆ ಕೇಳಿದರು: "ರಾತ್ರಿಯೆಲ್ಲ ಬಿಸಿಲು ಅಂದ್ರಾ?" ತಲೆಯೆತ್ತಿ ಗಾಡಿಯ ಛಾವಣಿಯನ್ನು ನೋಡುತ್ತಾ ಮಜ್ಜಿಗೆ ಅನ್ನ ಕಲಸಿದರು.

ಬೆಳಿಗ್ಗೆ ತಲೆಯ ಮೇಲೆ ಹೆಜ್ಜೆ ಸಪ್ಪಳವಾಗಿ ನನಗೆ ಎಚ್ಚರವಾಯಿತು. ಕರಡಿ ಬಂದರೆ ಗದ್ದಲ ಮಾಡಿ ಎಂದು ದಾರಿಯುದ್ದಕ್ಕೂ ಬೋರ್ಡುಗಳಲ್ಲಿ ಓದಿದ್ದೆ. ಕುಕ್ಕರಿನ ಮುಚ್ಚಳವನ್ನು ಸೌಟಿನಿಂದ ಬಡಿಯುತ್ತಾ ಹೊರಗೆ ಬಂದು ನೋಡಿದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ಛಾವಣಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಗಾಡಿಯ ಹಿಂಬದಿಯ ಏಣಿಯನ್ನು ಹತ್ತಿಬಿಟ್ಟಿದ್ದರು. ಏಕಾದಶಿಯ ಉಪವಾಸಕ್ಕೆಂದು ತಂದಿದ್ದ ಸಬ್ಬಕ್ಕಿಯಷ್ಟನ್ನೂ ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಹಾಕಿ ಬೇಯಿಸಿ, ಬಚ್ಚಲಿನ ಪ್ಲಾಸ್ಟಿಕ್ ಪರದೆಯನ್ನು ಬಿಚ್ಚಿ ತೊಳೆದು ಹಾಸಿ, ಅದರ ಮೇಲೆ ಚಮಚದಲ್ಲಿ ಸಾಲಾಗಿ ಸಂಡಿಗೆ ಇಡುತ್ತಿದ್ದರು.

"ಅಲ್ಲಿ ನಿಂತು ಮುಚ್ಚಳ ಬಡಿಯೋ ಬದಲು, ಆ ಇನ್ನೊಂದು ಪಾತ್ರೆ ಮೇಲೆ ಕೊಡೋಕೆ ಅವರಿಗೆ ಹೇಳಮ್ಮ" ಎಂದರು. ಮಗಳಿನ್ನೂ ಮಲಗಿದ್ದಳು. ಈ ಮಾತನ್ನು ಹೇಳಿದ್ದು ಬಹುಶಃ ಸೂರ್ಯನಿಗೆ.

ಪಾತ್ರೆ ಕೊಟ್ಟೆ. ಅತ್ತೆಯ ಮುಖದಲ್ಲಿ ಅಮೆರಿಕಕ್ಕೆ ಬಂದ ಮೇಲೆ ನಾನು ನೋಡದೇ ಇದ್ದ ಒಂದು ಕಳೆ ಇತ್ತು. ಇದೊಂದು ಸರಿಯಾಗಿ ಒಣಗಿದರೆ ಟಿಕೆಟ್ಟಿನ ಮಾತು ಹಿಂದೆ ಬೀಳಬಹುದು ಎಂದು ಹೆಂಡತಿ ಹಲ್ಲುಜ್ಜುತ್ತಾ ಪಿಸುಗುಟ್ಟಿದಳು.

ಆಗ ಕಾಗೆಗಳು ಬಂದವು. ಅಲ್ಲಿಯ ಕಾಗೆಯೆಂದರೆ ನಮ್ಮ ಕಾಗೆಯ ದೊಡ್ಡಪ್ಪ. ಗಂಟಲಿನಿಂದ ಬಾವಿಗೆ ಕೊಡ ಬಿದ್ದಂಥ ಸದ್ದು. ಒಂದು ಕಾಗೆ ಛಾವಣಿಯ ಅಂಚಿನಲ್ಲಿ ಕುಂಟುತ್ತಾ ಅತ್ತೆಯನ್ನು ಮಾತಾಡಿಸುತ್ತಿತ್ತು, ಇನ್ನೊಂದು ಹಿಂದಿನಿಂದ ಬಂದು ಸಂಡಿಗೆ ಎತ್ತುತ್ತಿತ್ತು. "ಇವು ಕಾಗೆ ಅಲ್ವೇ, ಬಸ್‌ಸ್ಟ್ಯಾಂಡಿನ ಜೇಬುಗಳ್ಳರು" ಎಂದು ಅತ್ತೆ, ಮೊದಲೇ ಪಕ್ಕದಲ್ಲಿ ಇಟ್ಟುಕೊಂಡಿದ್ದ ಕೋಲಿಗೆ ಕೈ ಚಾಚಿದರು.

ಅಲ್ಲಿಂದ ನಮ್ಮ ಊರು ನೋಡುವ ಕಾರ್ಯಕ್ರಮ ಪಾಳಿಯ ಮೇಲೆ ನಡೆಯಿತು. ನಾನು ಹೋಗಿ ದಂಡೆಗೆ ಎಳೆದು ನಿಲ್ಲಿಸಿದ ಹಳೆಯ ಉಗಿದೋಣಿ ನೋಡಿ ಬಂದೆ, ಹೆಂಡತಿ ಹೋಗಿ ಹಳೆಯ ಅಂಗಡಿಗಳನ್ನು ನೋಡಿ ಬಂದಳು. ಅತ್ತೆ ಛಾವಣಿ ಬಿಟ್ಟು ಕದಲಲಿಲ್ಲ. ಕೆಳಗಿದ್ದ ಹೆಂಡತಿ ಕುಕ್ಕರಿನ ಮುಚ್ಚಳ ಬಡಿದು ಕಾಗೆ ಓಡಿಸುವುದು, ಅಮ್ಮ ಅತ್ತ ತಿರುಗಿದಾಗ ಏಣಿಯ ಮೆಟ್ಟಿಲ ಮೇಲೆ ನಿಂತು ಅರೆಬರೆ ಒಣಗಿದ ಸಂಡಿಗೆಯನ್ನು ಬಾಯಿಗೆ ಹಾಕಿಕೊಳ್ಳುವುದು, ಹೀಗೆ. ಕಾಗೆ ತಿಂದದ್ದಕ್ಕಿಂತ ಬಸುರಿ ತಿಂದದ್ದೇ ಹೆಚ್ಚು. ಮಗಳ ಬಯಕೆ ಅತ್ತೆಗೆ ಗೊತ್ತಾಗದೇ ಇತ್ತೆಂದು ನಾನು ನಂಬುವುದಿಲ್ಲ. ಅವರು ಅತ್ತ ತಿರುಗಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬೆಟ್ಟ ನೋಡುತ್ತಿದ್ದರು.

ನಾನು ಬಂದು, ಒಂದು ಬೀದಿಯಲ್ಲಿ ಮನೆಗಳೆಲ್ಲ ಒಂದರ ಮೇಲೊಂದು ಒರಗಿ ನಿಂತಿವೆ ಎಂದು ವರದಿ ಒಪ್ಪಿಸಿದೆ. ಪಾಯ ಸರಿಯಾಗಿ ಹಾಕಿಲ್ಲವೇನೋ ಕೇಳು ಎಂದು ಮೇಲಿನಿಂದ ಪ್ರಶ್ನೆ. ಕೆಳಗೆ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಮನೆಯ ಬಿಸಿಗೆ ಅದು ಕರಗಿ ಮನೆ ವಾಲುತ್ತದೆ ಎಂದು ನಾನು. ಹಾಗಾದರೆ ಒಲೆ ಹಚ್ಚದೆ ಇದ್ದರೆ ಮನೆ ನೆಟ್ಟಗಿರುತ್ತಾ ಕೇಳು ಎಂದು ಅವರು.

ಮಧ್ಯಾಹ್ನ ಪಾರ್ಕಿನ ಯಜಮಾನಿ ರಬ್ಬರು ಬೂಟು ಹಾಕಿಕೊಂಡು ನಮ್ಮತ್ತಲೇ ಬರುವುದು ಕಾಣಿಸಿತು. ಅತ್ತೆಯ ವಯಸ್ಸಿನವಳು, ಆ ನದಿಯ ಮೂಲನಿವಾಸಿಗಳ ಮನೆತನದವಳು. ಮುಚ್ಚಳದ ಗದ್ದಲಕ್ಕೋ ಛಾವಣಿಯ ಸಂಡಿಗೆಗೋ, ಅಂತೂ ಸನ್ನಿವೇಲ್‌ನ ಮಾತೇ ಇಲ್ಲೂ ಕೇಳಬೇಕಾಗಿ ಬಂತೆಂದು ನಾನು ಹೆಂಡತಿಯ ಕೈಯ ಮುಚ್ಚಳ ಕಸಿದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅವಳು ಏಣಿ ಹತ್ತಿ ಸಂಡಿಗೆಯ ಸಾಲುಗಳನ್ನು ನೋಡಿದಳು. ಕಾಗೆಗಳನ್ನು ನೋಡಿದಳು. ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಹೆಗಲ ಮೇಲೆ ಏನನ್ನೋ ಹೊತ್ತು ಬಂದಳು.

ಅದು ಸಾಮನ್ ಮೀನು ಹಿಡಿಯುವ ಬಲೆ.

ತನ್ನ ತಾಯಿ ನದಿಯ ದಂಡೆಯಲ್ಲಿ ಮೀನು ಸೀಳಿ ಒಣಹಾಕಿ, ಇದೇ ಕಾಗೆಗಳನ್ನು ಕೋಲಿನಿಂದ ಓಡಿಸುತ್ತಾ ಬೇಸಿಗೆಯೆಲ್ಲ ಕೂತಿರುತ್ತಿದ್ದಳು, ಇದಕ್ಕೆ ಬಲೆಯೊಂದೇ ಮದ್ದು ಎಂದು ಅವಳು ವಿವರಿಸಿದಳು. ಹೇಳುತ್ತಲೇ ಏಣಿ ಹತ್ತಿ, ಎರಡೂ ಕೈಯಲ್ಲಿ ಬಲೆ ಬೀಸಿ ಸಂಡಿಗೆಯ ಮೇಲೆ ಹಾಸಲು ಹೊರಟಳು.

ಜನ್ಮದಲ್ಲಿ ಮೊಟ್ಟೆಯ ಅಂಗಡಿಯ ಮುಂದೆ ಕೂಡ ನಿಂತವರಲ್ಲ ನಮ್ಮ ಅತ್ತೆ. ಅವರ ಮುಖ ಬಿಳಿಚಿಕೊಂಡಿತು. ಆ ಬಲೆ ಸಂಡಿಗೆಗೆ ತಾಕಿತೋ, ಸಂಡಿಗೆ ನದಿಗೆ, ಅತ್ತೆ ಮೈಸೂರಿಗೆ. ಅಮ್ಮ ತುಂಬಾ ಸಂತೋಷಪಟ್ಟರು, ಆದರೆ ಇಷ್ಟು ಒಳ್ಳೆಯ ಬಲೆ ನಮಗೆ ಬೇಡ ಎನ್ನುತ್ತಿದ್ದಾರೆ ಎಂದು ಹೆಂಡತಿ ಕೆಳಗಿನಿಂದ ಇಂಗ್ಲಿಷಿನಲ್ಲಿ ಕೂಗಿದಳು. ಸಂಕೋಚ ಬೇಡ, ನನ್ನ ಹತ್ತಿರ ಇನ್ನೂ ಇವೆ ಎಂದಳು ಯಜಮಾನಿ. ನಾನು ಏಣಿ ಹತ್ತಿದ್ದು ಹೇಗೋ ತಿಳಿಯದು. ಬೀಳುತ್ತಿದ್ದ ಬಲೆಯನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಬಲೆಯ ಒಳಗೆ ಸಿಕ್ಕಿಕೊಂಡು ನಾನು, ಹೊರಗೆ ಅವಳು, ನಡುವೆ ಸಂಡಿಗೆ. ಎಲ್ಲರೂ ಅತ್ತೆಯನ್ನು ನೋಡಿದೆವು.

ಅತ್ತೆ ಯೋಚಿಸಿದರು. ಆ ಹೆಂಗಸಿನ ಬೂಟು ನೋಡಿದರು, ಬಲೆಯನ್ನು ಹೊತ್ತು ಬೆವೆತ ಮುಖ ನೋಡಿದರು.

"ಅವರಮ್ಮಾನೂ ಹೀಗೇ ಕೂತು ಕಾಯ್ತಿದ್ರಂತಾ?"

ಹೌದಮ್ಮ ಎಂದಳು ಮಗಳು.

"ಮೇಲೆ ನಿಂತ್ರೆ ಅದು ಚಪ್ಪರ. ತಾಕಿದ್ರೆ ಬಲೆ. ಹಾಗೇ ಎತ್ತಿ ಹಿಡ್ಕೊಂಡಿರೋಕೆ ಅವರಿಗೆ ಹೇಳು."

ಯಾವ ಪಂಚಾಂಗದಲ್ಲೂ ಇಲ್ಲದ ಈ ತೀರ್ಪಿನಿಂದ ಎಲ್ಲರೂ ಬದುಕಿಕೊಂಡೆವು. ಪೊರಕೆ, ಕೊಡೆ, ಬೆಟ್ಟ ಹತ್ತಲೆಂದು ತಂದಿದ್ದ ಊರುಗೋಲು ಇವುಗಳನ್ನು ಮೂರು ಮೂಲೆಗೆ ಕಟ್ಟಿ ಬಲೆ ಏರಿಸಿದೆವು. ನಾಲ್ಕನೆಯ ಮೂಲೆಗೆ ಕಟ್ಟಲು ಏನೂ ಸಿಗಲಿಲ್ಲ. ನಾನೇ ನಿಂತೆ.

ಕಾವಲಿಗೆ ಕಂಬ ಸಿಕ್ಕ ಮೇಲೆ ಅತ್ತೆಗೆ ಬಿಡುವಾಯಿತು. ಯಜಮಾನಿ ತನ್ನ ಪಿಕಪ್ಪು ಗಾಡಿ ತಂದು, ಬನ್ನಿ ಊರು ತೋರಿಸುತ್ತೇನೆ ಎಂದು ಕರೆದಳು. ನಾವು ಎಷ್ಟು ಬೇಡಿದರೂ ಬಾರದ ಅತ್ತೆ ಅವಳ ಗಾಡಿ ಹತ್ತಿ ಕೂತರು, ಹೆಂಡತಿಯನ್ನು ನಡುವೆ ಕೂರಿಸಿಕೊಂಡರು. ನಾನು ಛಾವಣಿಯ ಮೇಲಿಂದ ಟಾಟಾ ಮಾಡಿದೆ, ಒಂದೇ ಕೈಯಲ್ಲಿ.

ಆ ಮಧ್ಯಾಹ್ನ ಡಾಸನ್ ಸಿಟಿಯಲ್ಲಿ ಪ್ರವಾಸಿಗಳು ನೋಡಿದ ಮುಖ್ಯ ಸ್ಥಳ ನಾನು. ಪಕ್ಕದ ಆರ್‌ವಿಯ ಮುದುಕರೊಬ್ಬರು ಕ್ಯಾಮೆರಾ ತಂದು, ಇದು ಧಾರ್ಮಿಕ ಆಚರಣೆಯೇ ಎಂದು ವಿನಯವಾಗಿ ಕೇಳಿದರು. ಸ್ವಲ್ಪ ಯೋಚಿಸಿ ಹೌದೆಂದೆ. ಅವರು ಟೋಪಿ ತೆಗೆದರು.

ಅತ್ತ ನಡೆದದ್ದನ್ನು ಹೆಂಡತಿ ಬಂದು ಹೇಳಿದಳು. ಹೊಳೆಯ ಬಳಿ ಪ್ರವಾಸಿಗಳಿಗೆ ಅಗಲವಾದ ತಟ್ಟೆ ಕೊಟ್ಟು, ಮರಳು ತುಂಬಿ, ಚಿನ್ನ ಹುಡುಕಲು ಬಿಡುತ್ತಾರಂತೆ. ನೀರಿನಲ್ಲಿ ತಟ್ಟೆ ತಿರುಗಿಸಿದರೆ ಹಗುರವಾದ ಮರಳು ಹರಿದುಹೋಗಿ ಭಾರವಾದ ಚಿನ್ನ ತಳದಲ್ಲಿ ಉಳಿಯುತ್ತದೆ. ಎಲ್ಲರೂ ತಡವರಿಸುತ್ತಿದ್ದರೆ ಅತ್ತೆ ತಟ್ಟೆ ಹಿಡಿದದ್ದೇ ತಡ, ಮಣಿಕಟ್ಟು ತಾನಾಗಿ ತಿರುಗತೊಡಗಿತು. ಮದುವೆಯಾದಾಗಿನಿಂದ ದಿನವೂ ಅಕ್ಕಿ ಜಾಲಿಸಿದ ಕೈ. ಕಲಿಸಿಕೊಡುತ್ತಿದ್ದ ಹುಡುಗಿ ಎಲ್ಲರನ್ನೂ ಕರೆದು ತೋರಿಸಿದಳಂತೆ. ಜನ ಸುತ್ತ ನೆರೆದರು. ಅತ್ತೆ ಮೇಲಿನ ಮರಳನ್ನು ಅಲೆಅಲೆಯಾಗಿ ಇನ್ನೊಂದು ಪಾತ್ರೆಗೆ ನಯವಾಗಿ ಬಗ್ಗಿಸಿಕೊಂಡು, ತಳದಲ್ಲಿ ಉಳಿದ ಹೊಳೆಯುವ ಚೂರುಗಳನ್ನು ಕಲ್ಲೆಂದು ಹೊಳೆಗೆ ಚೆಲ್ಲಿಬಿಟ್ಟರು. ಆಮೇಲೆ ಪಾತ್ರೆಯಲ್ಲಿದ್ದ ಶುದ್ಧವಾದ ಮರಳನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದರು.

ಅಮ್ಮಾ, ಚಿನ್ನ ಹೋಯ್ತು ಎಂದಳಂತೆ ಮಗಳು. ಅತ್ತೆ ನೀರನ್ನು ನೋಡಿ, "ಅಕ್ಕಿ ಅಂದ್ಕೊಂಡ್ನಲ್ಲೇ" ಎಂದು ನಗಲು ಶುರುಮಾಡಿದರು. ಯಜಮಾನಿಯೂ ನಕ್ಕಳು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಮ್ಮ ಹಾಗೆ ನಕ್ಕದ್ದನ್ನು ಮೈಸೂರು ಬಿಟ್ಟ ಮೇಲೆ ನೋಡಿರಲೇ ಇಲ್ಲ ಎಂದು ಹೇಳುವಾಗ ಹೆಂಡತಿ ನಲ್ಲಿಯ ಕಡೆ ಹೋಗಲಿಲ್ಲ.

ಅತ್ತೆ ಸೀರೆಯ ಕೆಳಗೆ ಯಜಮಾನಿಯ ಇನ್ನೊಂದು ಜೊತೆ ರಬ್ಬರು ಬೂಟು ಹಾಕಿಕೊಂಡು, ಚಿನ್ನದ ತಟ್ಟೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿಳಿದರು. ತಟ್ಟೆ ಅವಳು ಕೊಟ್ಟ ಉಡುಗೊರೆ. ಅಕ್ಕಿ ಆರಿಸೋಕೆ ಚೆನ್ನಾಗಿದೆ ಎಂದರು. ನಾನು ಇನ್ನೂ ಮೂಲೆಯಲ್ಲಿ ನಿಂತೇ ಇದ್ದೆ. ಅವರು ಹತ್ತಿ ಬಂದು ಒಂದು ಸಂಡಿಗೆ ಮುರಿದು ನೋಡಿದರು. ಟಕ್ಕೆಂದಿತು.

ಮರುದಿನ ಎಲ್ಲವೂ ಗಾಜಿನ ಹಾಗೆ ಒಣಗಿದ್ದವು. ಯಜಮಾನಿಯನ್ನೂ ಪಕ್ಕದ ಮುದುಕ ದಂಪತಿಯನ್ನೂ ಕರೆದು ಅತ್ತೆ ಎಣ್ಣೆಯಿಟ್ಟರು. ಸಂಡಿಗೆ ಬಿದ್ದೊಡನೆ ಅರಳಿ ಮಲ್ಲಿಗೆಯಾಯಿತು. ಹೊಗೆಯ ಅಲಾರಾಂ ಕೂಗಿತು. ಅತ್ತೆ ತಿರುಗಿಯೂ ನೋಡದೆ, ಎಡಗೈಯಲ್ಲಿ ಚಿನ್ನದ ತಟ್ಟೆಯಿಂದ ಅದಕ್ಕೆ ಗಾಳಿ ಬೀಸುತ್ತಾ ಬಲಗೈಯಲ್ಲಿ ಕರಿದರು. ಒಣ ಸಂಡಿಗೆಯಲ್ಲಿ ಅರ್ಧವನ್ನು ಯಜಮಾನಿ ಬೇಡ ಬೇಡವೆಂದರೂ ಕಟ್ಟಿಕೊಟ್ಟರು. ಉಳಿದದ್ದನ್ನು ನಾಮಕರಣಕ್ಕೆಂದು ಡಬ್ಬಿಗೆ ತುಂಬಿದರು. ನಾಮಕರಣಕ್ಕೆ ಎಂಬ ಮಾತು ಕೇಳಿ ಹೆಂಡತಿ ನನ್ನ ಕಾಲು ತುಳಿದಳು.

ಬಂದವರು ಹೋದ ಮೇಲೆ ಅತ್ತೆ ನನ್ನ ತಟ್ಟೆಗೆ ಬಿಸಿ ಸಂಡಿಗೆ ಹಾಕಿ, ಸೌಟು ಹಿಡಿದುಕೊಂಡೇ ನಿಂತರು.

"ಈ ವ್ಯಾನು ವಾಪಸ್ ಕೊಡ್ಲೇಬೇಕಾ, ಅಳಿಯಂದ್ರೆ?"

ನಾನು ಅಭ್ಯಾಸಬಲದಿಂದ ಹೆಂಡತಿಯ ಕಡೆ ತಿರುಗಿ, ಗಾಡಿ ಕೊಟ್ಟವನಿಗೇನೂ ಅವಸರವಿಲ್ಲ ಅಂತ ಹೇಳು ಎಂದೆ. ಬಾಯಿ ತುಂಬ ಸಂಡಿಗೆ ಇದ್ದ ಅವಳು ಕಣ್ಣಗಲಿಸಿ, "ನಿಮ್ಮನ್ನೇ ಕೇಳ್ತಿರೋದು ರೀ" ಎಂದಳು.

ನಾನು ಎದ್ದು ನಿಂತೆ. ಕೊಡದೇ ಇದ್ದರೆ ಅವನ ಹೆಂಡತಿಯೇ ಹೆಚ್ಚು ಸಂತೋಷಪಡುತ್ತಾಳೆ ಎಂದು ಅತ್ತೆಯವರ ಮುಖಕ್ಕೇ ಹೇಳಿದೆ. ಮಾತು ತಡವರಿಸಿತು, ಹೊಸದಾಗಿ ಪರಿಚಯವಾದವರ ಹಾಗೆ.

"ಆ ಮ್ಯಾನೇಜರಮ್ಮ ಬಾಲ್ಕನಿ ಅಂತ ತಾನೇ ಹೇಳಿದ್ದು? ವ್ಯಾನಿನ ಮಾತು ಎತ್ತಿಲ್ಲವಲ್ಲ" ಎಂದರು ಅತ್ತೆ. ಎಂದವರು ಒಲೆಯ ಕಡೆ ತಿರುಗಿಕೊಂಡರು. ಆ ತಿಂಗಳ ಕೊನೆಯೂ ಬಂತು, ಮುಂದಿನದೂ ಬಂತು, ಟಿಕೆಟ್ಟಿನ ಮಾತು ಬರಲಿಲ್ಲ.

ಮಗು ಹುಟ್ಟಿದ ಮೇಲೆ ಆ ಗಾಡಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ನಿಂತಿತು. ದಿನವೂ ಬೆಳಿಗ್ಗೆ ಅತ್ತೆ ರಬ್ಬರು ಬೂಟು ಹಾಕಿಕೊಂಡು ಏಣಿ ಹತ್ತಿ, ಮೊಮ್ಮಗಳ ಬಟ್ಟೆಗಳನ್ನು ಛಾವಣಿಯ ಮೇಲೆ ಹರಡಿ ಬರುತ್ತಿದ್ದರು. ಒಂದೇ ಕಡೆ ಬಹಳ ದಿನ ಗಾಡಿ ನಿಲ್ಲಿಸುವಂತಿಲ್ಲವೆಂಬ ಬೀದಿಯ ನಿಯಮದಿಂದಾಗಿ ನಾನು ಅದನ್ನು ಆಗಾಗ ಬೇರೆ ಬೀದಿಗೆ ಒಯ್ಯಬೇಕಾಗುತ್ತಿತ್ತು. ಒಣಗುವ ಮುಂಚೆ ತೆಗೆಯೋದು ಬೇಡ, ನಿಧಾನಕ್ಕೆ ಓಡಿಸಿ ಎಂದು ಅತ್ತೆ ನನಗೇ ಹೇಳುತ್ತಿದ್ದರು. ಹೀಗೆ ನಮ್ಮ ಮಗಳ ಲಂಗೋಟಿಗಳು, ಅವಳು ಕಣ್ಣು ಬಿಟ್ಟು ನೋಡುವ ಮೊದಲೇ, ಸನ್ನಿವೇಲ್ ಊರನ್ನೆಲ್ಲ ಒಂದು ಸುತ್ತು ನೋಡಿ ಬಂದಿದ್ದವು.